ಹೈದರಾಬಾದಿನಿಂದ ಟೊರಾಂಟೊ: ಚಾಚಿಯ ಮೂರು ಸೂಜಿ

ಚಾಚಾ ಫೋನನ್ನು ನನ್ನ ಮೂಗಿನ ಹತ್ತಿರ ತಂದು ಹಿಡಿದರು. “ನೋಡವ್ವಾ, ಇಲ್ಲೇ ಬರದಾರ. ಹೈದರಾಬಾದಿನಿಂದ ಟೊರಾಂಟೊಕ್ಕ ಹದಿಮೂರು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಬರೇ ಹದಿನೈದು ತಾಸು. ಮುಂಜಾನೆ ಚಾ ಕುಡಿದು ಹತ್ತಿದ್ರ ರಾತ್ರಿ ಊಟಕ್ಕ ಮಗಳ ಮನ್ಯಾಗ ಇರ್ತಾಳ ನಿಮ್ಮ ಚಾಚಿ.”

ಗಂಗಾವತಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಟಿಕೆಟ್ ಅಂಗಡಿ ಇದೆ. ರೈಲು, ವಿಮಾನ, ಪಾಸ್‌ಪೋರ್ಟ್ ಕೆಲಸ ಎಲ್ಲವೂ ಒಂದೇ ಮೇಜಿನ ಮೇಲೆ ನಡೆಯುತ್ತದೆ. ಎದುರಿಗೆ ಚಾಚಾ ಚಾಚಿಯರ ಬಳೆ ಅಂಗಡಿ. ಈ ಊರಿನಲ್ಲಿ ಬಸುರಿಯ ಕುಬುಸ ಎಂದರೆ ಮೊದಲು ನೆನಪಾಗುವುದು ಚಾಚಿಯ ಕೈ. ನನಗೂ ಆಕೆಯೇ ಹಸಿರು ಬಳೆ ಇಟ್ಟಿದ್ದು. ಊದಿದ ಕೈಯನ್ನು ಎರಡೂ ಅಂಗೈ ನಡುವೆ ಹಿಡಿದು ನೋವಾಗದ ಹಾಗೆ ಅಮುಕುತ್ತಾ, ಬೇರೆ ಯಾವುದೋ ಸುದ್ದಿ ಹೇಳುತ್ತಿರುವಾಗಲೇ ಬಳೆ ಏರಿಸಿಬಿಡುತ್ತಾಳೆ.

ಆಕೆಯ ಒಬ್ಬಳೇ ಮಗಳು ಟೊರಾಂಟೊದಲ್ಲಿ ಚೊಚ್ಚಲ ಬಸುರಿ. ಮಗಳು ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ ಮಾಡುತ್ತಾಳೆ, ಅಳಿಯ ಲಾರಿ ಓಡಿಸುತ್ತಾನೆ, ಹೋದರೆ ನಾಲ್ಕೈದು ದಿನ ಮನೆಯ ಕಡೆ ಬರುವುದಿಲ್ಲ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆ ಯಾವ ಮನೆಯಲ್ಲೂ ಬಿಡದ ಪದ್ಧತಿ. ಅಲ್ಲಿಯ ಡಾಕ್ಟರು ಹುಡುಗಿಗೆ ವಿಮಾನ ಹತ್ತಬಾರದು ಎಂದುಬಿಟ್ಟರು. “ಹಂಗಾದ್ರ ತವರೇ ಅಲ್ಲಿಗೆ ಹೋಗ್ತೈತಿ,” ಎಂದಳು ಚಾಚಿ. ಹೊಸಪೇಟೆ ದಾಟಿ ಆಚೆ ಹೋದದ್ದು ಆಕೆಗೆ ನೆನಪಿರುವಂತೆ ಎರಡೋ ಮೂರೋ ಸಲ.

ಇದರಲ್ಲಿ ಒಂದೇ ತೊಡಕು. ಚಾಚಿಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್ ಸೂಜಿ. ಹಿಂದೆ ಒಮ್ಮೆ ಸೂಜಿ ಚುಚ್ಚಿಕೊಂಡು ಊಟಕ್ಕೆ ಕೂಡುವಷ್ಟರಲ್ಲಿ ಗಿರಾಕಿ ಬಂದರೆಂದು ಎದ್ದು ಹೋಗಿ, ಶುಗರ್ ಇಳಿದು, ಬಳೆಗಳ ನಡುವೆಯೇ ಬಿದ್ದಿದ್ದಳು. ಬಾಯಿಗೆ ಸಕ್ಕರೆ ನೀರು ಹಾಕಿ ಎಬ್ಬಿಸಿದ್ದು ನಾನೇ. ಆದ್ದರಿಂದ ಚಾಚಾ ತೋರಿಸಿದ ಹದಿನೈದು ತಾಸನ್ನು ನಾನು ಬದಿಗೆ ಸರಿಸಿ, ಮೊದಲು ಕೇಳಿದ್ದು ಒಂದೇ ಮಾತು.

“ಚಾಚಾ, ಡಾಕ್ಟರಿಗೆ ಎಷ್ಟು ತಾಸಿನ ಪ್ರಯಾಣ ಅಂತ ಹೇಳೀರಿ?”

“ಇದನ್ನ ತೋರಿಸೇನಿ. ಹದಿನೈದು. ಮುಂಜಾನೆ ಒಂದು ಸೂಜಿ ತಗೊಂಡು ಹತ್ತಲಿ, ಮುಂದಿಂದು ಮಗಳ ಮನ್ಯಾಗ ತಗೊಳ್ಳಲಿ ಅಂತ ಹೇಳ್ಯಾರ.”

ನನಗೆ ಸಿಟ್ಟು ನೆತ್ತಿಗೇರಿತು. ಚಾಚಾನ ಮೇಲಲ್ಲ, ಆ ಫೋನಿನ ಮೇಲೆ. ಹೈದರಾಬಾದಿನಿಂದ ಟೊರಾಂಟೊಕ್ಕೆ ನೇರ ವಿಮಾನವೇ ಇಲ್ಲ. ಇಂಥ ಪುಟಗಳು ಮಾಡುವುದಿಷ್ಟೇ: ಭೂಗೋಳದ ಮೇಲೆ ಈ ಊರಿಂದ ಆ ಊರಿಗೆ ಒಂದು ಗೆರೆ ಎಳೆಯುತ್ತವೆ, ವಿಮಾನದ ಸಾಧಾರಣ ವೇಗದಿಂದ ಭಾಗಿಸುತ್ತವೆ, ಏರಲು ಇಳಿಯಲು ಅರ್ಧ ತಾಸು ಸೇರಿಸಿ ಕೈತೊಳೆದುಕೊಳ್ಳುತ್ತವೆ. ಲೆಕ್ಕ ಸುಳ್ಳಲ್ಲ, ಆದರೆ ಆ ಲೆಕ್ಕದ ವಿಮಾನದಲ್ಲಿ ಇವತ್ತಿನವರೆಗೆ ಯಾರೂ ಕೂತಿಲ್ಲ.

ಚಾಚಾನನ್ನು ಕೂರಿಸಿಕೊಂಡು ಹಾಳೆಯ ಮೇಲೆ ಬರೆದೆ. ಗಂಗಾವತಿಯಿಂದ ಹೈದರಾಬಾದಿಗೆ ಕಾರಿನಲ್ಲಿ ಎಂಟು ತಾಸು. ಅಲ್ಲಿ ಮೂರು ತಾಸು ಮುಂಚೆ ಹಾಜರಿರಬೇಕು. ಕೊಲ್ಲಿ ದೇಶದ ಊರೊಂದಕ್ಕೆ ನಾಲ್ಕೂವರೆ ತಾಸಿನ ಹಾರಾಟ, ಅಲ್ಲಿ ಕಾಯುವುದು, ಮತ್ತೆ ಹದಿನಾಲ್ಕು ತಾಸಿನ ಹಾರಾಟ. ಮನೆಯ ಹೊಸ್ತಿಲು ದಾಟಿದಾಗಿನಿಂದ ಮಗಳ ಮುಖ ನೋಡುವವರೆಗೆ ಒಂದೂವರೆ ದಿನದ ಮೇಲಾಗುತ್ತದೆ. ಚಾಚಾ ಹಾಳೆಯನ್ನೇ ನೋಡುತ್ತಾ ಕುಳಿತರು. “ಏನವ್ವಾ, ಇಷ್ಟು ದೂರ ಕೊಟ್ಟೇವೇನು ಹುಡುಗೀನ್ನ,” ಎಂದರು.

ಮರುದಿನ ಅಂಗಡಿ ಮುಚ್ಚಿ, ಇಬ್ಬರನ್ನೂ ಕರೆದುಕೊಂಡು ಕೊಪ್ಪಳದ ಬಸ್ಸು ಹತ್ತಿದೆ. ಡಾಕ್ಟರು ಹಾಳೆಯ ಮೇಲೆ ಬೆರಳಿಟ್ಟು ತಾಸುಗಳನ್ನು ಕೂಡಿದರು. ಆಮೇಲೆ, “ಛಲೋ ಆತು ತಂದ್ರಿ. ನಾ ಕೊಟ್ಟಿದ್ದು ರದ್ದು ಮಾಡ್ರಿ. ಇದರಾಗ ಮೂರು ಸೂಜಿ ಬರ್ತಾವು,” ಎಂದರು. ನಂತರ ಚಾಚಿಯ ಕಡೆ ತಿರುಗಿ, “ದಿನಾ ಎಷ್ಟು ಗಂಟೆಗೆ ತಗೋತೀರಿ?” ಎಂದು ಕೇಳಿದರು.

“ಗಂಟಿ ನನಗೇನು ಗೊತ್ತರಿ ಸಾಹೇಬ್ರ. ಮುಂಜಾನೆ ಫಜರ್ ನಮಾಜು ಮುಗಿಸಿ, ಮನಿಗೆಲಸ ಮಾಡಿ, ರೊಟ್ಟಿ ಮುಂದ. ಸಂಜಿಕೆ ಮಗ್ರಿಬ್ ಅಜಾನ್ ಆತಂದ್ರ ತಗೋತೀನಿ.”

ನನಗೆ ಆಗ ಹೊಳೆಯಿತು, ನಿಜವಾದ ಪೇಚು ಇದು ಎಂದು. ಕೊಲ್ಲಿಯಿಂದ ಬೆಳಿಗ್ಗೆ ಹೊರಡುವ ವಿಮಾನ ಪಶ್ಚಿಮಕ್ಕೆ ಹಾರುತ್ತದೆ, ಸೂರ್ಯನೂ ಅದೇ ದಾರಿಯಲ್ಲಿ ಹೋಗುತ್ತಿರುತ್ತಾನೆ. ಹದಿನಾಲ್ಕು ತಾಸು ಹಾರಿ ಟೊರಾಂಟೊದಲ್ಲಿ ಇಳಿದಾಗಲೂ ಅಲ್ಲಿ ಮಧ್ಯಾಹ್ನ. ಗಂಗಾವತಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಚಾಚಿಯ ಕಿಟಕಿಯಲ್ಲಿ ನಡುಹಗಲ ಬಿಸಿಲು ಇರುತ್ತದೆ. ಸಂಜೆಯೇ ಆಗದ ಹಗಲಿನಲ್ಲಿ ಆಕೆ ಮಗ್ರಿಬ್ ಅನ್ನು ಎಲ್ಲಿಂದ ತಂದಾಳು? ಡಾಕ್ಟರಿಗೆ ಹೇಳಿದೆ. ಅವರು ತೀರ್ಮಾನ ಕೊಟ್ಟರು: ಟೊರಾಂಟೊದಲ್ಲಿ ಇಳಿಯುವವರೆಗೆ ಗಂಗಾವತಿಯ ಹೊತ್ತೇ ಹೊತ್ತು, ಇಳಿದ ಮೇಲೆ ಮಗಳು ಅಲ್ಲಿಯ ಡಾಕ್ಟರನ್ನು ಕೇಳಲಿ. ಪ್ರತಿ ಸಲ ಮೊದಲು ಬೆರಳು ಚುಚ್ಚಿ ಶುಗರ್ ನೋಡಬೇಕು, ಮತ್ತು ತಾಟು ಕಣ್ಣ ಮುಂದೆ ಬರುವ ತನಕ ಸೂಜಿ ಮುಟ್ಟಬಾರದು.

ಇನ್ನು ಟಿಕೆಟ್. ಮಗಳು ಫೋನಿನಲ್ಲಿ ಹಟ ಹಿಡಿದಳು: ಎಲ್ಲಕ್ಕಿಂತ ಕಡಿಮೆ ಸಮಯದ್ದನ್ನೇ ತೆಗೆಯಬೇಕು, ಅಮ್ಮಿಗೆ ದಣಿವಾಗಬಾರದು. ಅಂಥದೊಂದು ಇತ್ತು. ಕೊಲ್ಲಿಯಲ್ಲಿ ಎರಡು ತಾಸೂ ಪೂರ್ತಿ ನಿಲ್ಲದೆ ಮುಂದಿನ ವಿಮಾನ ಹತ್ತುವುದು. ಇನ್ನೊಂದರಲ್ಲಿ ಅಲ್ಲಿ ಎಂಟು ತಾಸು ಕೂರಬೇಕು. ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಕಡಿಮೆ ಸಮಯದ್ದರಲ್ಲಿ ಬೆಳಗಿನ ಸೂಜಿಯ ಹೊತ್ತಿಗೆ ಚಾಚಿ ಮೊದಲ ವಿಮಾನದಲ್ಲಿ ಇರುತ್ತಾಳೆ, ಅಲ್ಲಿ ತಿಂಡಿ ಯಾವಾಗ ಕೊಡುತ್ತಾರೋ ಗೊತ್ತಿಲ್ಲ. ಇಳಿದ ಮೇಲೆ ಗಾಲಿ ಕುರ್ಚಿಯವನು ಓಡಿಸಿಕೊಂಡು ಹೋಗುತ್ತಾನೆ, ನಡುವೆ ರೊಟ್ಟಿ ಬಿಚ್ಚಲೂ ಪುರುಸೊತ್ತಿಲ್ಲ. ಎಂಟು ತಾಸಿನದ್ದರಲ್ಲಿ ಆ ಸೂಜಿ ನೆಲದ ಮೇಲೆ, ಕುರ್ಚಿಯ ಮೇಲೆ ಆರಾಮಾಗಿ ಕುಳಿತು ಆಗುತ್ತದೆ.

ನಾನು ಉದ್ದದ ಟಿಕೆಟ್ ತೆಗೆದೆ. ಮಗಳಿಗೆ ಹೇಳಿದಾಗ ಆಕೆ, “ಅಕ್ಕಾ, ನೀವು ಆ ದಾರಿ ಒಮ್ಮೆರ ಹೋಗೀರೇನ್ರಿ?” ಎಂದು ಕೇಳಿದಳು. ಇಲ್ಲ, ನಾನು ವಿಮಾನದಲ್ಲಿ ಹೈದರಾಬಾದಿನ ಆಚೆಗೆ ಹೋದವಳಲ್ಲ. ಆ ಮಾತು ಚುಚ್ಚಿತು. “ನಾ ಹೋಗಿಲ್ಲವ್ವಾ. ಆದ್ರ ನಿಮ್ಮವ್ವ ಬಿದ್ದಾಗ ಎಬ್ಬಿಸಿದಾಕಿ ನಾನು,” ಎಂದೆ. ಹುಡುಗಿ ಸಣ್ಣ ದನಿಯಲ್ಲಿ, “ನಿಮಗ ತಿಳಿದಂಗ ಮಾಡ್ರಿ,” ಎಂದಳು.

ಚಾಚಿಯ ಫೋನಿನಲ್ಲಿ ಮೂರೂ ಸೂಜಿಗೆ ಅಲಾರಂ ಇಟ್ಟು ನಿಶ್ಚಿಂತಳಾಗಿದ್ದೆ. ಆ ವಾರ ಮಸ್ಕತ್ತಿನಿಂದ ರಜೆಗೆ ಬಂದಿದ್ದ ಗಿರಾಕಿಯೊಬ್ಬರು ಮಾತಿನ ನಡುವೆ, ಫೋನು ಯಾವ ಊರಿಗೆ ಹೋದರೆ ಆ ಊರಿನ ಹೊತ್ತು ತಾನೇ ಹಾಕಿಕೊಳ್ಳುತ್ತದೆ ಎಂದರು. ಅಲಾರಮ್ಮೂ ಅದರ ಹಿಂದೆಯೇ ಹೋಗುತ್ತದೆ. ಕೂಡಲೇ ಪೇಟೆಗೆ ಹೋಗಿ ದೊಡ್ಡ ಅಂಕಿಗಳ, ಮುಳ್ಳು ತಿರುಗುವ ಒಂದು ಸಾದಾ ಕೈಗಡಿಯಾರ ತಂದೆ. ಗಂಟೆ ಗೊತ್ತಿಲ್ಲವೆಂದು ಡಾಕ್ಟರ ಮುಂದೆ ಹೇಳಿದವಳಿಗೆ ಅಂಕಿ ಓದಲು ಚೆನ್ನಾಗಿಯೇ ಬರುತ್ತಿತ್ತು. ಆದರೂ ಮೂಗು ಮುರಿದಳು.

“ಬಳಿ ಇಡೋ ಕೈಯಾಗ ಇದೇನ ಹಾಕ್ತೀ ಯವ್ವಾ?”

“ಟೊರಾಂಟೊ ಇಳಿಯೂತನ ಇದು ಗಡಿಯಾರಲ್ಲ ಚಾಚಿ, ನಮ್ಮ ಮಸೀದಿ. ಯಾರು ಏನರ ಹೇಳ್ಲಿ, ಕಿಟಕಿಯಾಗ ಏನರ ಕಾಣ್ಲಿ, ಇದನ್ನ ಬಿಟ್ಟು ಯಾರ ಮಾತೂ ಕೇಳಬ್ಯಾಡ್ರಿ. ಇದರ ಕಿವಿ ತಿರುವಿ ಹೊತ್ತು ಮಾತ್ರ ಬದಲಸಬ್ಯಾಡ್ರಿ.”

ಮೊದಲ ಸಲ ಹಾರುವ ವಯಸ್ಸಾದವರಿಗೆ ನನ್ನ ಅಂಗಡಿಯಲ್ಲಿ ತಾಲೀಮು ಕಡ್ಡಾಯ. ಎರಡು ಪ್ಲಾಸ್ಟಿಕ್ ಕುರ್ಚಿ ಒಂದರ ಹಿಂದೊಂದು ಹಾಕಿ, ಸೊಂಟಕ್ಕೆ ಶಲ್ಯದ ಬೆಲ್ಟು ಕಟ್ಟಿ, ಮುಂದೆ ಸ್ಟೂಲಿನ ಮೇಲೆ ತಾಟು ಇಡುತ್ತೇನೆ. ಚಾಚಿಗೆ ಖಾಲಿ ಇನ್ಸುಲಿನ್ ಪೆನ್ನು ಕೊಟ್ಟು ಮತ್ತೆ ಮತ್ತೆ ಮಾಡಿಸಿದೆ. ಬೆರಳು, ತಾಟು, ಸೂಜಿ, ಊಟ. ತಾಟು ತರದೆ ಸತಾಯಿಸಿದೆ. ಆಗ ತನ್ನ ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಸ್ಟೂಲಿನ ಮೇಲೆ ಇಟ್ಟುಕೊಳ್ಳಬೇಕು. ಅವರು ಕೊಡಲಿ ಬಿಡಲಿ, ನಮ್ಮ ತಾಟು ನಮ್ಮ ಹತ್ತಿರ. ಚಾಚಾ ಗಗನಸಖಿಯ ಪಾತ್ರ ವಹಿಸಿ, ಹೆಗಲಿಗೆ ಟವೆಲ್ ಹಾಕಿಕೊಂಡು, “ಚಾ ಬೇಕೇನ್ರಿ ಮೇಡಂ,” ಎಂದು ಬಂದರು. ಚಾಚಿ ಎಷ್ಟು ನಕ್ಕಳೆಂದರೆ ಬೆಲ್ಟೇ ಬಿಚ್ಚಿಹೋಯಿತು.

ಹೊರಡುವ ದಿನ ಬೆಳಿಗ್ಗೆ ಕೈಚೀಲ ತಪಾಸಣೆ ಮಾಡಿದೆ. ರೊಟ್ಟಿ ಇತ್ತು, ಶುಗರ್ ನೋಡುವ ಮಶೀನು ಇತ್ತು, ಡಾಕ್ಟರ ಚೀಟಿ ಇತ್ತು. ಇನ್ಸುಲಿನ್ ಇರಲಿಲ್ಲ.

“ಅದು ದೊಡ್ಡ ಪೆಟ್ಟಿಗ್ಯಾಗ ಐತಿ,” ಎಂದಳು ಚಾಚಿ, ಬಹಳ ಜಾಣತನ ಮಾಡಿದವಳ ಹಾಗೆ. “ಪೆಟ್ಟಿಗಿ ಇಡೋದು ವಿಮಾನದ ಹೊಟ್ಯಾಗಂತ. ಅಲ್ಲಿ ಭಾಳ ತಂಪಂತ. ಔಷಧ ಕೆಡೂದಿಲ್ಲ ನೋಡು.”

ನಮ್ಮೂರಿನ ಬಿಸಿಲಿಗೆ ಇನ್ಸುಲಿನ್ ಕಾಪಾಡುವುದೇ ಒಂದು ಕೆಲಸ. ಫ್ರಿಜ್ ಇಲ್ಲದ ಮನೆಗಳಲ್ಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ ಇಡುತ್ತಾರೆ. ಚಾಚಿಯೂ ಹಾಗೆಯೇ ಇಡುವವಳು. ಹಾಗಾಗಿ ಎಲ್ಲಿ ತಂಪೋ ಅಲ್ಲಿ ಔಷಧ ಸುಖವಾಗಿರುತ್ತದೆ ಎಂದು ಆಕೆ ತಿಳಿದದ್ದರಲ್ಲಿ ತಪ್ಪೇನಿಲ್ಲ. ಆದರೆ ವಿಮಾನದ ಹೊಟ್ಟೆಯಲ್ಲಿ ಅದು ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೂ ಕೆಲಸಕ್ಕೆ ಬಾರದು. ಮೇಲಾಗಿ ದಾರಿಯ ಮೂರು ಸೂಜಿಗೆ ಕೈಯಲ್ಲಿ ಔಷಧವೇ ಇಲ್ಲ. ನಾನು ಬೈಯುತ್ತಲೇ ಪೆಟ್ಟಿಗೆಯ ಹಗ್ಗ ಬಿಚ್ಚಿದೆ. ಮಗಳಿಗೆಂದು ಹತ್ತಿಯಲ್ಲಿ ಸುತ್ತಿದ ಬಳೆಗಳ ಕೆಳಗೆ, ಒದ್ದೆ ಬಟ್ಟೆಯಲ್ಲಿ ಪೆನ್ನುಗಳು ಮಲಗಿದ್ದವು. ಕೈಚೀಲಕ್ಕೆ ಹಾಕಿದೆ. ಚಾಚಿ ನನ್ನ ತಲೆ ಸವರಿ ಕಾರು ಹತ್ತಿದಳು.

ಮೊದಲ ಸೂಜಿ ಹೈದರಾಬಾದಿನ ವಿಮಾನ ನಿಲ್ದಾಣದ ಹೊರಗೆ, ಚಾಚಾನ ಕಣ್ಣೆದುರೇ ಆಯಿತು. ಎರಡನೆಯದಕ್ಕೆ ಮರುದಿನ ಬೆಳಿಗ್ಗೆ ಕೊಲ್ಲಿಯಿಂದ ಆಕೆಯೇ ಫೋನು ಮಾಡಿದಳು.

“ಯವ್ವಾ, ಫೋನಿನ್ಯಾಗ ನಾಕೂವರಿ ಐತಿ, ಕೈಯಾಗ ಏಳೈತಿ. ಕೈ ಮಾತು ಕೇಳೇನಿ. ರೊಟ್ಟಿ ತಿನ್ನಾಕತ್ತೀನಿ.”

ಅಲ್ಲಿಗೆ ಅರ್ಧ ಗೆದ್ದೆ ಎಂದುಕೊಂಡೆ. ಆದರೆ ಮುಂದಿನ ವಿಮಾನ ಹೊತ್ತಿಗೆ ಸರಿಯಾಗಿ ಹೊರಡಲಿಲ್ಲ. ಜನರನ್ನು ಒಳಗೆ ಕೂರಿಸಿಕೊಂಡು ನೆಲದ ಮೇಲೆಯೇ ನಿಂತುಬಿಟ್ಟಿತು. ನನ್ನ ಪರದೆಯ ಮೇಲೆ “ತಡ” ಎಂಬುದೊಂದೇ ಮಾತು. ಚಾಚಿಯ ಫೋನು ಆರಿಹೋಗಿತ್ತು. ಎರಡೂವರೆ ತಾಸಿನ ಮೇಲೆ ವಿಮಾನದ ಗುರುತು ಅಲುಗಾಡಿತು. ಊಟದ ಹೊತ್ತನ್ನೆಲ್ಲ ನಾನು ಲೆಕ್ಕ ಹಾಕಿ ಹೇಳಿಕೊಟ್ಟಿದ್ದೆ. ಅದೆಲ್ಲ ಈಗ ಹೊಳೆಯ ಪಾಲು.

ಸಂಜೆಯ ಹೊತ್ತಿಗೆ ಚಾಚಾ ಹೈದರಾಬಾದಿನಿಂದ ತಿರುಗಿ ಬಂದು, ಮನೆಗೂ ಹೋಗದೆ ನನ್ನ ಎದುರಿನ ಕುರ್ಚಿಯಲ್ಲಿ ಕುಳಿತರು. ಕಂಪ್ಯೂಟರಿನಲ್ಲಿ ಹಳದಿ ಬಣ್ಣದ ಸಣ್ಣ ವಿಮಾನ ಯುರೋಪಿನ ತಲೆ ದಾಟಿ ಸಮುದ್ರದ ಕಡೆ ಹೊರಟಿತ್ತು. ಅಷ್ಟರಲ್ಲಿ ನಮ್ಮ ಬೀದಿಯ ಮಸೀದಿಯಿಂದ ಮಗ್ರಿಬ್‌ನ ಅಜಾನ್ ಕೇಳಿತು. ಚಾಚಾ ನಮಾಜಿಗೆಂದು ಎದ್ದವರು ಬಾಗಿಲಲ್ಲಿ ನಿಂತು, ಆ ಹಳದಿ ಚುಕ್ಕೆಯನ್ನು ನೋಡುತ್ತಾ, “ಈಗ ತಗೋಬೇಕು ಆಕಿ,” ಎಂದರು. “ತಗೋತಾಳ, ನೀವು ನಮಾಜು ಮುಗಿಸಿ ಬರ್ರಿ,” ಎಂದೆ. ಅವರು ಹೋದ ಮೇಲೆ ನಾನೂ ಗೋಡೆಯ ಮೇಲಿನ ಬಸವಣ್ಣನ ಪಟದ ಮುಂದೆ ಕೈಮುಗಿದು ನಿಂತೆ. ಆ ಹುಡುಗಿಯ ಮಾತು ಕೇಳಿ ಕಡಿಮೆ ಸಮಯದ ಟಿಕೆಟ್ ತೆಗೆಯಬೇಕಿತ್ತೇನೋ ಎಂಬ ಹುಳ ತಲೆಯೊಳಗೆ ಹೊಕ್ಕಿತ್ತು.

ಬೆಳಿಗ್ಗೆ ಎದ್ದು ಫೋನು ನೋಡಿದರೆ ಮಗಳ ಸಂದೇಶ ಬಂದಿತ್ತು: “ಅಮ್ಮಿ ಬಂದಾಳ. ಶುಗರ್ ನೋಡಿದೆ. ಛಲೋ ಐತಿ. ಮಲಗ್ಯಾಳ.” ಅಷ್ಟೇ. ನಾನು ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಚಾಚಾನ ಮನೆಗೆ ಓಡಿದೆ.

ವಿಮಾನದಲ್ಲಿ ಏನಾಯಿತೆಂಬುದನ್ನು ಚಾಚಿ ಎರಡು ದಿನದ ನಂತರ, ನಿದ್ದೆ ತೀರಿದ ಮೇಲೆ ಹೇಳಿದಳು.

“ಎಲ್ಲಾರೂ ಕಿಟಕಿ ಮುಚ್ಚಿ ಮಲಗಿದ್ರು. ಗಡಿಯಾರದಾಗ ಏಳಕ್ಕ ಬಂತು. ನಾ ಕಿಟಕಿ ಸ್ವಲ್ಪ ತೆಗದೆ. ಏನು ಬಿಸಿಲು ಅಂತೀ ಯವ್ವಾ, ಕಣ್ಣು ಕುಕ್ಕತೈತಿ. ಗಡಿಯಾರ ನಿಂತೈತೇನೋ ಅಂತ ಕಿವಿಗೆ ಹಿಡದೆ. ಬಾಜೂಕ ಒಬ್ಬ ಪಂಜಾಬಿ ಅಜ್ಜಿ ಕುಂತಿದ್ಲು. ಆಕಿನ್ನ ಕೇಳಿದ್ರ ಒಂಬತ್ತೂವರಿ ಅಂದ್ಲು. ಮುಂದಿನ ಟೀವ್ಯಾಗ ಮತ್ತೊಂದು ಬರದಿತ್ತು. ಮೂರು ಕಡೆ ಮೂರು ಮಾತು. ಸೂಜಿ ಚೀಲದಾಗ ಇಟ್ಟುಬಿಟ್ಟೆ.”

“ಆಮ್ಯಾಲೆ?”

“ಆಮ್ಯಾಲೆ ನೀ ಬೈದಿದ್ದು ನೆನಪಾತು. ಯಾರ ಮಾತೂ ಕೇಳಬ್ಯಾಡ್ರಿ ಅಂದಿದ್ದೆಲ್ಲ. ಮತ್ತ ತೆಗದೆ. ಬೆರಳು ಚುಚ್ಚಿ ನೋಡಿದೆ, ಏರಿತ್ತು. ವಿಮಾನದವರು ಊಟ ಇನ್ನೂ ಭಾಳ ಹೊತ್ತು ಐತಿ ಅಂದ್ರು. ನಮ್ಮ ರೊಟ್ಟಿ ಹಾಸಿಕೊಂಡು ಸೂಜಿ ತಗೊಂಡೆ. ಆ ಅಜ್ಜಿ ನಾ ಸೂಜಿ ಚುಚ್ಚಿಕೊಳ್ಳೋದು ನೋಡಿ ಗುಂಡಿ ಒತ್ತಿದ್ಲು, ಅವರಿಗೆ ಏನೋ ಹೇಳಿ ಬಿಸಿ ದಾಲ್ ತರಿಸಿದ್ಲು. ನಾ ಉಣ್ಣೂತನ ಮಲಗಲಿಲ್ಲ ಆಕಿ. ಅರ್ಧ ರೊಟ್ಟಿ ಕೊಟ್ಟೆ, ತಿಂದ್ಲು. ಆಕಿಗೆ ಅಲ್ಲಾ ಛಲೋ ಮಾಡ್ಲಿ.”

ಆ ಪಂಜಾಬಿ ಅಜ್ಜಿ ಯಾರೋ, ಯಾವ ಊರಿನವಳೋ ನಮಗೆ ತಿಳಿಯದು. ಟೊರಾಂಟೊದಲ್ಲಿ ಇಳಿದು ಜನರ ನಡುವೆ ಹೋದವಳು ಮತ್ತೆ ಸಿಗಲಿಲ್ಲ. ಆಕೆಯನ್ನು ನಾನು ಈಗಲೂ ನೆನೆಯುತ್ತೇನೆ. ತಾನು ಬರೆದುಕೊಟ್ಟದ್ದನ್ನು ತಾನೇ ರದ್ದು ಮಾಡಿದ ಡಾಕ್ಟರನ್ನು, ಸುಮ್ಮನೆ ಟಿಕೆಟ್ ಕೇಳಲು ಬಂದು ಅಲಾರಮ್ಮಿನ ಸುದ್ದಿ ಹೇಳಿಹೋದ ಆ ಮಸ್ಕತ್ತಿನ ಗಿರಾಕಿಯನ್ನೂ ನೆನೆಯುತ್ತೇನೆ. ನಾನೊಬ್ಬಳೇ ಆಗಿದ್ದರೆ ಎಲ್ಲೋ ಒಂದು ಕಡೆ ಎಡವುತ್ತಿದ್ದೆ.

ಆ ವಾರ ಮುಗಿಯುವುದರೊಳಗೆ, ಡಾಕ್ಟರು ಹೇಳಿದ ದಿನಕ್ಕಿಂತ ಮುಂಚೆಯೇ ಹುಡುಗಿಗೆ ನೋವು ಕಾಣಿಸಿಕೊಂಡಿತು. ಅಳಿಯ ಲಾರಿಯ ಮೇಲೆ ಎಲ್ಲೋ ದೂರದಲ್ಲಿದ್ದ. ಹೆಣ್ಣು ಮಗು ಹುಟ್ಟಿತೆಂದು ಚಾಚಾ ಬೀದಿಗೆಲ್ಲ ಸಾರಿಕೊಂಡು ಬಂದರು. ಮಗಳು ನನಗೆ ಫೋನು ಮಾಡಿದ್ದು ಮನೆಗೆ ಬಂದ ಮೇಲೆ, ನಾನು ಅಂಗಡಿಯಲ್ಲಿ ಯಾರದೋ ರೈಲು ಟಿಕೆಟ್ ತೆಗೆಯುತ್ತಿದ್ದಾಗ.

“ಅಕ್ಕಾ, ಅವತ್ತು ನಿಮಗ ಒರಟಾಗಿ ಮಾತಾಡಿದೆ, ಮನಸಿನ್ಯಾಗ ಇಟ್ಕೋಬ್ಯಾಡ್ರಿ,” ಎಂದಳು.

“ಅದೆಲ್ಲ ಬಿಡವ್ವಾ. ನೀ ಹೆಂಗದೀ ಹೇಳು.”

“ಆರಾಮ ಅದೀನ್ರಿ. ಅಕ್ಕಾ, ಇಲ್ಲಿ ಬಂದ ಮ್ಯಾಲೆ ಎಷ್ಟೋ ಸಲ ಜ್ವರ ಬಂದಾಗ, ಅಡಿಗಿ ಮನ್ಯಾಗ ಕೈ ಸುಟ್ಟಾಗ ‘ಅಮ್ಮೀ’ ಅಂತ ಒದರೇನ್ರಿ. ಬಾಯಿಗೆ ಬರೋದೇ ಅದು. ಒದರಿ, ಆಮ್ಯಾಲೆ ಇಲ್ಲಿ ಯಾರದಾರ ಅಂತ ನಾನೇ ಸುಮ್ಮನಾಗ್ತಿದ್ದೆ. ಅವತ್ತೂ ನೋವು ತಡಿಲಾರದ ‘ಅಮ್ಮೀ’ ಅಂದೆ. ಬಾಜೂಕಿಂದ ಅಮ್ಮಿ ‘ಓ’ ಅಂದ್ಲು ಅಕ್ಕಾ.”

ಗಿರಾಕಿ ಎದುರಿಗೇ ನಿಂತಿದ್ದ. ನಿಂತಿರಲಿ ಎಂದು ನಾನು ಅತ್ತೆ.